ಹಿಮ ಬೀಳದ ವರ್ಷದ ಸವಾರಿ

ಟ್ಯಾಮರಾಕ್ ಬೇ
ಜನವರಿ 8

ಓಡೆಟ್,

ಫೋನ್ ಮಾಡಬೇಡ, ಬೇಕಾದರೆ ಕಾಗದ ಬರಿ ಅಂದೆಯಲ್ಲ, ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಬರಹ. ಓದಲು ಬಾರದಿದ್ದರೆ ಕಾಗದವನ್ನು ದೂರ ಹಿಡಿದು ನೋಡು. ನಮ್ಮ ಮೇಷ್ಟರು ಹಾಗೇ ನೋಡುತ್ತಿದ್ದರು, ಆಮೇಲೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಫರ್ನಾಂ ಸವಾರಿ ಫೆಬ್ರವರಿ ಹತ್ತಕ್ಕೆ ಅಂತ ಊರಿನ ಹಾಲ್‌ನಲ್ಲಿ ಚೀಟಿ ಅಂಟಿಸಿದ್ದೇವೆ. ಇದು ಐದನೇ ವರ್ಷ. ಮೊದಲ ವರ್ಷ ನಿನ್ನ ಗಂಡ ಫರ್ನಾಂ ಕ್ಯಾನ್ಸರ್ ಔಷಧಿಯ ವಾಂತಿ ಮುಗಿಸಿಕೊಂಡು ಬಂದು ಗಾಡಿ ಹತ್ತಿ, "ನನ್ ಹೊಟ್ಟೇಲಿ ಏನೈತೆ ಅಂತ ಹುಡುಕೋರಿಗೆ ಸಂಬಳ ಬೇಡ್ವೇನ್ರೋ, ದುಡ್ಡು ತೆಗೀರಿ" ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆ ವರ್ಷ ಅವನೇ ಎಲ್ಲರ ಮುಂದೆ ಗಾಡಿ ಓಡಿಸಿದ. ಅವನು ತೀರಿಹೋದ ಮೇಲೆ ಮೂರು ವರ್ಷ ನೀನು ನಡೆಸಿದೆ. ಈ ವರ್ಷ ನೀನಿಲ್ಲ, ನನ್ನ ಕೊರಳಿಗೆ ಬಿದ್ದಿದೆ.

ಜನ ಇದ್ದಾರೆ, ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಗಳಿವೆ, ಕ್ಯಾನ್ಸರ್ ಸಂಶೋಧನೆಗೆ ದೇಣಿಗೆ ಕೊಡುತ್ತೇವೆ ಅಂದವರೂ ಇದ್ದಾರೆ. ಇಲ್ಲದ್ದು ಹಿಮ ಒಂದೇ. ಜನವರಿಯಲ್ಲಿ ಹುಲ್ಲು ಕಾಣುತ್ತಿದೆ, ಓಡೆಟ್. ಓರೆಸ್ಟನ ನಾಯಿ ಅದನ್ನು ನೋಡಿ ಬೊಗಳುತ್ತದೆ, ಯಾರೋ ಹೊಸಬರು ಬಂದರು ಅಂತ. ಓರೆಸ್ಟ್ ಮಾತ್ರ ಖುಷಿಯಾಗಿದ್ದಾನೆ. ಹಿಮ ಇಲ್ಲದಿದ್ದರೆ ಜನ ಕ್ಷೌರಕ್ಕೆ ಬರುತ್ತಾರಂತೆ, ಟೋಪಿ ಹಾಕಿಕೊಂಡು ತಿರುಗುವುದಿಲ್ಲವಲ್ಲ.

ಒಂದೆರಡು ವಿಷಯ ಕೇಳಬೇಕಿತ್ತು. ಊಟಕ್ಕೆ ಬನ್ನು ಎಷ್ಟು ಹೇಳಬೇಕು? ಬೀನ್ಸು ಮಾಂಸದ ಸಾರಿಗೆ ದೊಡ್ಡ ಪಾತ್ರೆ ಹಾಲ್‌ನಲ್ಲೇ ಇದೆಯೋ, ಚರ್ಚಿನಲ್ಲೋ? ಪೊಲೀಸರ ಹತ್ತಿರ ರಸ್ತೆ ದಾಟುವ ಅನುಮತಿ ಯಾರು ಕೇಳಬೇಕು? ವೆಲ್ಮಾ ಅಡುಗೆಯ ಜವಾಬ್ದಾರಿ ಹೊತ್ತಿದ್ದಾಳೆ, ಆದರೆ ನಾನು ಏನು ಕೇಳಿದರೂ ಸೌಟು ತೋರಿಸುತ್ತಾಳೆ. ಓಡೆಟ್ ಆ ದಿನದ ಮಟ್ಟಿಗಾದರೂ ಬಂದರೆ ಚೆನ್ನಾಗಿರುತ್ತಿತ್ತು ಅಂತ ಅವಳೇ ಹೇಳುತ್ತಿದ್ದಳು. ವೆಲ್ಮಾ ಹೇಳಿದ್ದು ಇದು.

ಫರ್ನಾಂ ಗಾಡಿ ನನ್ನ ಶೆಡ್ಡಿನಲ್ಲಿ ಆರಾಮಾಗಿದೆ. ಭಾನುವಾರ ಒಂದು ಸಲ ಶುರು ಮಾಡಿ ನಿಲ್ಲಿಸುತ್ತೇನೆ. ಅದೇ ನನ್ನ ಚರ್ಚು.

ನಿನ್ನ
ರೀನೋ


ವಿಕ್ಟೋರಿಯಾ
ಜನವರಿ 17

ರೀನೋ,

ಬನ್ನು ಕಳೆದ ವರ್ಷದಷ್ಟೇ ಸಾಕು. ಎಷ್ಟು ಅಂತ ಬೇಕರಿಯವರಿಗೆ ಗೊತ್ತು. ಪಾತ್ರೆ ಹಾಲ್‌ನ ಒಲೆಯ ಹಿಂದೆ ಇರುತ್ತದೆ, ಯಾವಾಗಲೂ ಅಲ್ಲೇ ಇತ್ತು. ಪೊಲೀಸರ ಹತ್ತಿರ ನೀನೇ ಹೋಗು. ತಮಾಷೆ ಮಾಡಬೇಡ. ಹೋದ ಸಲ ನೀನು ಮಾಡಿದ ತಮಾಷೆಗೆ ನಾನು ಎರಡು ಸಲ ಹೋಗಬೇಕಾಯಿತು.

ನಾನು ಬರುವುದಿಲ್ಲ. ಅಕ್ಕನ ಮಂಡಿಯ ಆಪರೇಷನ್ ಆಗಿದೆ, ಮೆಟ್ಟಿಲು ಹತ್ತಲಾರಳು. ಇಲ್ಲಿ ಆಗಲೇ ಬೇಲಿಯ ಪಕ್ಕ ಹೂ ಬಿಟ್ಟಿದೆ. ಮಳೆ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಜನ ತುಂಬ ಮರ್ಯಾದಸ್ಥರು. ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ.

ಇನ್ನೊಂದು ವಿಷಯ. ಫರ್ನಾಂ ಗಾಡಿ ನಾಲ್ಕು ಚಳಿಗಾಲ ನಿನ್ನ ಶೆಡ್ಡಿನಲ್ಲಿ ಜಾಗ ಹಿಡಿದುಕೊಂಡು ಕೂತಿದೆ. ನೀನು ಏನೂ ಹೇಳಿಲ್ಲ, ಆದರೆ ನನಗೆ ಗೊತ್ತಾಗುತ್ತದೆ. ಈ ಸಲ ಊಟದ ನಂತರದ ಹರಾಜಿನಲ್ಲಿ ಅದನ್ನೂ ಇಟ್ಟುಬಿಡು. ಬಂದದ್ದು ಸಂಶೋಧನೆಗೆ ಹೋಗಲಿ. ಅವನಿಗೂ ಅದೇ ಸರಿ ಅನ್ನಿಸುತ್ತಿತ್ತು.

ವೆಲ್ಮಾಗೆ ನೆನೆದೆ ಅಂತ ಹೇಳು.

ಓಡೆಟ್


ಟ್ಯಾಮರಾಕ್ ಬೇ
ಜನವರಿ 26

ಓಡೆಟ್,

ಪಾತ್ರೆ ಸಿಕ್ಕಿತು. ಒಲೆಯ ಹಿಂದೆಯೇ ಇತ್ತು. ಒಳಗೆ ಒಂದು ಇಲಿ ಸಂಸಾರ ಹೂಡಿತ್ತು. ವೆಲ್ಮಾ ಅದನ್ನು ಪೊರಕೆಯಲ್ಲಿ ಓಡಿಸಿ, "ನಿನ್ಗಿಂತ ಇದೇ ವಾಸಿ ಕಣೋ, ನೀನು ಕರ್ದಾಗ ಬರಲ್ಲ, ಬಂದ್ರೆ ಹೋಗಲ್ಲ" ಅಂತ ನನ್ನನ್ನೂ ಬೈದಳು.

ಗಾಡಿ ಹರಾಜಿಗೆ ಇಡುತ್ತೇನೆ. ಸರಿ. ನೀನು ಹೇಳಿದ್ದು ಸರಿಯಾಗಿಯೇ ಇದೆ. ಶೆಡ್ಡಿನಲ್ಲಿ ಜಾಗ ಆಗುತ್ತದೆ, ಎರಡು ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಬಹುದು. ಈ ಚಳಿಗಾಲದಲ್ಲಿ ರಿಪೇರಿಗೆ ಬರುತ್ತಿರುವುದು ಅವೇ.

ಸವಾರಿ ಫೆಬ್ರವರಿ ಹದಿನೇಳಕ್ಕೆ ಹೋಯಿತು. ಕೆರೆಯ ಮೇಲಿನ ಮಂಜುಗಡ್ಡೆಗೆ ಬೈರಿಗೆ ಹಾಕಿ ನೋಡಿದೆವು, ಗಾಡಿ ತಡೆಯುವಷ್ಟು ದಪ್ಪ ಇದೆ. ಆದರೆ ಕಾಡಿನ ಹಾದಿಯಲ್ಲಿ ಕಲ್ಲು ಎದ್ದು ಕಾಣುತ್ತಿವೆ, ರಸ್ತೆ ದಾಟುವ ಜಾಗದಲ್ಲಂತೂ ಬರೀ ಡಾಂಬರು. ಹಾಗಾಗಿ ಒಂದು ಉಪಾಯ ಮಾಡಿದ್ದೇನೆ. ಐಸ್ ಹಾಕಿ ಆಟದ ಮೈದಾನದಲ್ಲಿ ಮಂಜುಗಡ್ಡೆ ಕೆರೆದು ನಯ ಮಾಡುತ್ತಾರಲ್ಲ, ಆ ಕೆರೆದ ಪುಡಿಯನ್ನು ಹಿಂದಿನ ಬಾಗಿಲಿಂದ ಸುರಿದು ಗುಡ್ಡೆ ಹಾಕಿದ್ದಾರೆ. ಓರೆಸ್ಟನ ಅಳಿಯನ ಟಿಪ್ಪರ್ ತಗೊಂಡು ಅದನ್ನೆಲ್ಲ ಹಾದಿಗೆ ಹೊಡೆಯುತ್ತಿದ್ದೇವೆ. ಆಟದ ಗೆರೆಗಳ ಕೆಂಪು, ನೀಲಿ ಬಣ್ಣ ಅದರಲ್ಲಿ ಸೇರಿಕೊಂಡಿದೆ. ನಮ್ಮ ಹಾದಿ ಈಗ ಹುಟ್ಟುಹಬ್ಬದ ಕೇಕಿನ ಥರ ಕಾಣುತ್ತದೆ.

ನೀನು ಬರದೇ ಇರುವುದೇ ಒಳ್ಳೆಯದು ಅಂತ ಈಗ ಅನ್ನಿಸುತ್ತಿದೆ. ಇಷ್ಟು ದೂರದಿಂದ ಟಿಕೆಟ್ಟಿಗೆ ದುಡ್ಡು ಸುರಿದು ಬಂದು ಏನು ನೋಡುತ್ತೀಯ, ಹುಲ್ಲು. ಹುಲ್ಲು ಅಲ್ಲೂ ಇದೆ, ಹೂವಿನ ಸಮೇತ.

ಅಕ್ಕನ ಮಂಡಿ ಬೇಗ ಮಡಚಲಿ.

ರೀನೋ


ವಿಕ್ಟೋರಿಯಾ
ಫೆಬ್ರವರಿ 6

ರೀನೋ,

ಬರದಿರುವುದೇ ಒಳ್ಳೆಯದು ಅಂತ ಬರೆದಿದ್ದೀಯ. ಸರಿ.

ಕಾಡಿನ ಹಾದಿಯಲ್ಲಿ ಬೀವರ್ ಪ್ರಾಣಿಗಳು ಕಟ್ಟಿದ ಅಣೆಕಟ್ಟಿನ ಪಕ್ಕ ಎಡಕ್ಕೆ ಹೋಗಬೇಡಿ. ಬಲಕ್ಕೆ ನೆರಳಿರುತ್ತದೆ, ಅಲ್ಲಿ ಹಿಮ ಕೊನೆಗೆ ಕರಗುವುದು. ಫರ್ನಾಂ ಯಾವಾಗಲೂ ಬಲಕ್ಕೇ ಹೋಗುತ್ತಿದ್ದ.

ಹರಾಜು ಕೂಗುವವರಿಗೆ ಹೇಳು, ಗಾಡಿಯ ಸೀಟು ಎಡಗಡೆ ಹರಿದಿದೆ ಅಂತ. ಕೊಳ್ಳುವವರಿಗೆ ಮೋಸ ಆಗಬಾರದು.

ಅಕ್ಕ ಈಗ ಕೋಲು ಹಿಡಿದು ನಡೆಯುತ್ತಾಳೆ. ನಾನು ಸಂಜೆ ಬಂದರಿನವರೆಗೆ ಹೋಗಿ ಬರುತ್ತೇನೆ. ದೋಣಿಗಳಿರುತ್ತವೆ.

ಓಡೆಟ್


ಟ್ಯಾಮರಾಕ್ ಬೇ
ಫೆಬ್ರವರಿ 15

ಓಡೆಟ್,

ಮತ್ತೆ ಮುಂದಕ್ಕೆ ಹೋಯಿತು. ಮಾರ್ಚ್ ಎರಡು. ಅದಕ್ಕೂ ಆಗದಿದ್ದರೆ ಎಲ್ಲರೂ ಸೈಕಲ್ ತರಬೇಕಾಗುತ್ತದೆ. ಪಾದ್ರಿಗಳು ಹಿಮಕ್ಕಾಗಿ ಪ್ರಾರ್ಥನೆ ಮಾಡಿದರು. ಮರುದಿನ ಮಳೆ ಬಂತು. ಓರೆಸ್ಟ್ ಕ್ಷೌರದ ಕುರ್ಚಿಯಲ್ಲಿ ಅವರನ್ನು ಕೂರಿಸಿಕೊಂಡು, ಸ್ವಾಮಿ, ನಿಮ್ಮ ಅರ್ಜಿ ತಪ್ಪು ಆಫೀಸಿಗೆ ಹೋಗಿದೆ, ಇನ್ನೊಂದು ಸಲ ಬರೆದು ಹಾಕಿ ಅಂದನಂತೆ.

ಚರ್ಚಿನ ಉತ್ತರದ ಮಾಡಿನ ಮೇಲೆ ಒಂದಿಷ್ಟು ಹಿಮ ಉಳಿದಿತ್ತು. ಅದನ್ನೂ ಇಳಿಸಿ ಟಿಪ್ಪರಿಗೆ ತುಂಬಿದೆವು. ಜನ ಮನೆಯ ಹಿತ್ತಲಿನಲ್ಲಿ ಉಳಿದದ್ದನ್ನು ತೊಟ್ಟಿಯಲ್ಲಿ, ಮಕ್ಕಳು ಹಿಮದ ಮೇಲೆ ಎಳೆಯುವ ಜಾರುಬಂಡಿಯಲ್ಲಿ ತಂದು ಕೊಡುತ್ತಿದ್ದಾರೆ. ನಾಲ್ಕನೇ ಬೀದಿಯ ಮುದುಕಿ ಒಂದು ಬಕೆಟ್ ತಂದಳು. ಅವಳ ತಂಗಿ ಹೋದದ್ದೂ ಅದೇ ಕಾಯಿಲೆಯಲ್ಲಿ ತಾನೆ. ಆ ಬಕೆಟನ್ನು ರಸ್ತೆ ದಾಟುವ ಜಾಗದಲ್ಲಿ ನಾನೇ ಸುರಿದೆ. ಅಂಗೈ ಅಗಲ ಆಯಿತು. ಅವಳು ನಿಂತು ನೋಡಿ ತಲೆಯಾಡಿಸಿ ಹೋದಳು.

ಬೀವರ್ ಅಣೆಕಟ್ಟಿನ ಹತ್ತಿರ ಬಲಕ್ಕೇ ಹೋಗುತ್ತೇವೆ. ನೀನು ಹೇಳಿದ್ದು ನಿಜ, ಅಲ್ಲಿ ಬೂಟು ಮುಳುಗುವಷ್ಟು ಇದೆ.

ಗಾಡಿ ತೊಳೆದೆ. ಹರಿದ ಸೀಟು ಹೊಲಿಸಿದೆ. ಹರಾಜಿಗೆ ಇಡುವ ಸಾಮಾನು ಚೆನ್ನಾಗಿ ಕಾಣಬೇಕಲ್ಲ. ವೆಲ್ಮಾ ಬಂದು ಸೀಟಿನ ಹೊಲಿಗೆ ಮುಟ್ಟಿ ನೋಡಿದಳು. ಆಮೇಲೆ, "ಇದನ್ನ ಮಾರ್ಬಿಟ್ರೆ ಅವ್ಳು ಯಾಕೋ ಬರ್ತಾಳೆ ಈ ಊರಿಗೆ" ಅಂದಳು. ನನಗೇನು ಗೊತ್ತು ಅಂದೆ. ಅವಳದೇ ಗಾಡಿ, ಅವಳು ಹೇಳಿದ್ದಾಳೆ, ನಾನು ಮಾಡುತ್ತೇನೆ.

ಬಂದರಿನಲ್ಲಿ ದೋಣಿಗಳಿರುತ್ತವೆ ಅಂತ ನೀನು ಬರೆದಿದ್ದೆ. ದೋಣಿ ನೋಡಲು ಚೆಂದವೇ. ಒಬ್ಬಳೇ ಹೋಗುತ್ತೀಯೋ?

ರೀನೋ


ವಿಕ್ಟೋರಿಯಾ
ಫೆಬ್ರವರಿ 25

ರೀನೋ,

ಗಾಡಿ ಮಾರಬೇಡ.

ಇದನ್ನು ಮೊದಲು ಬರೆದುಬಿಟ್ಟೆ, ಇಲ್ಲದಿದ್ದರೆ ಇನ್ನೊಂದು ಹಾಳೆ ಸುತ್ತಿ ಬಳಸಿ ಏನೇನೋ ಬರೆಯುತ್ತಿದ್ದೆ. ಮಾರ್ಚ್ ಎರಡರೊಳಗೆ ಸೇರುತ್ತದೆ ಅಂತ ಅಂಚೆ ಕಚೇರಿಯ ಹುಡುಗಿ ಹೇಳಿದ್ದಾಳೆ. ಫೋನ್ ಕೈಗೆತ್ತಿಕೊಂಡೆ, ಇಟ್ಟೆ. ನೀನು ಜೋಕು ಮಾಡುತ್ತೀಯ, ನಾನು ನಗುತ್ತೇನೆ, ಹೇಳಬೇಕಾದ್ದು ಅಲ್ಲೇ ಉಳಿಯುತ್ತದೆ.

ಫೋನ್ ಬೇಡ ಅಂದದ್ದು ಯಾಕೆ ಅಂತ ನೀನು ಕೇಳಲಿಲ್ಲ. ನಿನ್ನ ದನಿಯ ಹಿಂದೆ ಶೆಡ್ಡಿನಲ್ಲಿ ಯಾವುದಾದರೂ ಗಾಡಿ ಓಡುತ್ತಿರುತ್ತಿತ್ತು. ಪ್ರತಿ ಸಲ ಅದು ಅವನದೇ ಇರಬೇಕು ಅನ್ನಿಸುತ್ತಿತ್ತು. ಆ ದಿನ ನನಗೆ ಊಟ ಇಳಿಯುತ್ತಿರಲಿಲ್ಲ. ಆ ಶಬ್ದ ಇಲ್ಲದ ಊರಿಗೆ ಹೋಗಬೇಕು ಅಂತಲೇ ನಾನು ಇಲ್ಲಿಗೆ ಬಂದದ್ದು. ಅಕ್ಕನ ಮಂಡಿ ನೆಪ. ಅದು ಕೆಟ್ಟದ್ದು ನಾನು ಬಂದ ಮೇಲೆ.

ಈಗ ಏನಾಗಿದೆ ನೋಡು. ಬಂದರಿನಲ್ಲಿ ಸಣ್ಣ ದೋಣಿಗಳಿಗೆ ಹಳೇ ಮೋಟಾರಿರುತ್ತದೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುತ್ತಾರೆ. ಆ ನೀಲಿ ಹೊಗೆಯ ವಾಸನೆ ಫರ್ನಾಂ ಕೋಟಿನ ವಾಸನೆ. ಅದಕ್ಕಾಗಿ ದಿನಾ ಸಂಜೆ ಹೋಗಿ ನಿಲ್ಲುತ್ತೇನೆ. ಒಬ್ಬ ಮೀನುಗಾರ ಅಕ್ಕನ ಹತ್ತಿರ, ನಿಮ್ಮ ತಂಗಿಗೆ ದೋಣಿ ಕೊಳ್ಳುವ ಯೋಚನೆ ಇದೆಯಾ ಅಂತ ಕೇಳಿದನಂತೆ.

ಮಾರು ಅಂತ ಬರೆದಾಗ ನೀನು ಜಗಳ ಮಾಡುತ್ತೀಯ ಅಂದುಕೊಂಡಿದ್ದೆ. ನಿನಗೆ ಅದು ಭಾರ ಆಗಿದೆಯೋ ಇಲ್ಲವೋ ನೋಡೋಣ ಅಂತ ಇತ್ತು. ನೀನು ಸರಿ ಅಂದುಬಿಟ್ಟೆ. ಇಪ್ಪತ್ತು ವರ್ಷದಿಂದ ನಿನ್ನನ್ನು ನೋಡಿದ್ದೇನೆ, ನೀನು ಯಾವುದಕ್ಕೂ ಒಂದೇ ಮಾತಿಗೆ ಸರಿ ಅಂದವನಲ್ಲ. ಹಾಗಾದರೆ ನಿಜವಾಗಿಯೂ ಭಾರ ಆಗಿರಬೇಕು ಅನ್ನಿಸಿತು. ನನಗೆ ಬರಬೇಡ ಅಂತ ಬೇರೆ ನೀನು ಬರೆದೆ.

ಭಾರ ಆಗಿದ್ದರೆ ಆಗಲಿ, ರೀನೋ. ಇನ್ನೂ ಸ್ವಲ್ಪ ದಿನ ಇಟ್ಟುಕೊ.

ಓಡೆಟ್


ಟ್ಯಾಮರಾಕ್ ಬೇ
ಮಾರ್ಚ್ 3

ಓಡೆಟ್,

ನಿನ್ನಿಂದ ಕಾಗದ ಬಂದಿಲ್ಲ, ನಾನೇ ಬರೆಯುತ್ತಿದ್ದೇನೆ. ನಿನ್ನೆ ಸವಾರಿ ಆಯಿತು. ಮೈಕೈ ಎಲ್ಲ ನೋವು. ಗಾಡಿ ನಮ್ಮನ್ನು ಹೊತ್ತದ್ದಕ್ಕಿಂತ ನಾವು ಗಾಡಿ ಹೊತ್ತದ್ದೇ ಹೆಚ್ಚು. ಕೆರೆಯ ಮೇಲೆ ಚೆನ್ನಾಗಿ ಹೋದೆವು, ಬೀವರ್ ಅಣೆಕಟ್ಟಿನ ಬಲಕ್ಕೂ ಸೊಗಸಾಗಿತ್ತು. ಅಲ್ಲಿಂದಾಚೆ ಹಾದಿ ಬರಿದಾಗಿತ್ತು. ಎಲ್ಲರೂ ಇಳಿದು ಒಬ್ಬರ ಗಾಡಿ ಇನ್ನೊಬ್ಬರು ಎಳೆದೆವು. ನಾವು ಸುರಿದ ಬಣ್ಣದ ಹಿಮ ರಸ್ತೆಯ ಮೇಲೆ ಸರಿಯಾಗಿ ನಿಂತಿತು. ಪೊಲೀಸಿನವನು ಕೈ ಅಡ್ಡ ಹಿಡಿದು ಲಾರಿ ನಿಲ್ಲಿಸಿ, ನಮ್ಮ ಮೆರವಣಿಗೆ ನೋಡಿ ಟೋಪಿ ತೆಗೆದ. ಶವಯಾತ್ರೆ ಅಂದುಕೊಂಡನೋ ಏನೋ. ನಾನು ತಮಾಷೆ ಮಾಡಲಿಲ್ಲ. ನೀನು ಬೇಡ ಅಂದಿದ್ದೆ.

ಈಗ ಗಾಡಿಯ ವಿಷಯ. ನಾನು ಮಾರಿದೆ. ಮಾರಿದೆ ಅಂತ ನೀನು ನಂಬಬೇಕು, ಯಾಕೆಂದರೆ ಮುಂದೆ ಬರೆಯುವುದನ್ನು ಓದಿದರೆ ನನ್ನ ಮೇಲೆ ಸಿಟ್ಟಾಗುತ್ತೀಯ.

ಊಟ ಆದ ಮೇಲೆ ಹರಾಜು ಶುರು. ಮೊದಲು ಹಣ್ಣು ತುಂಬಿ ಬೇಯಿಸಿದ ಪೈಗಳು, ಗೊತ್ತಲ್ಲ. ಪೈ ಕೊಂಡವರು ದುಡ್ಡು ಕೊಟ್ಟು, ಮತ್ತೆ ಮಾರು ಅಂತ ವಾಪಸ್ ಕೊಡುತ್ತಾರೆ. ಬ್ಲೂಬೆರಿ ಪೈ ಒಂದನ್ನು ಹಾಲ್ ಪೂರ್ತಿ ಕೊಂಡು, ಕೊನೆಗೆ ಅದು ಅದನ್ನು ಬೇಯಿಸಿದವಳ ಮನೆಗೇ ಹೋಗುತ್ತದೆ. ಪೈ ಮುಗಿದ ಮೇಲೆ ಓರೆಸ್ಟ್ ಗಂಟೆ ಹೊಡೆಯಬೇಕು. ಗಂಟೆ ಆದ ಮೇಲೆ ಕೊಂಡದ್ದು ಕೊಂಡವರದು. ಅದು ನಮ್ಮಲ್ಲಿ ಮೊದಲಿಂದ ಬಂದದ್ದು.

ಓರೆಸ್ಟ್ ಗಂಟೆ ಹೊಡೆಯಲೇ ಇಲ್ಲ.

ನಾನು ಗಾಡಿಯನ್ನು ಹಾಲ್‌ನ ಬಾಗಿಲಿಗೆ ತಂದು ನಿಲ್ಲಿಸಿದೆ. ಸೀಟು ಹೊಲಿಸಿದ್ದೇನೆ ಅಂತ ಹೇಳಿದೆ. ಆಮೇಲೆ ತೊಳೆದ ಗಾಡಿಯನ್ನೇ ತೋಳಿನಿಂದ ಮತ್ತೆ ಒರೆಸಿದೆ. ಜನ ನಾನು ಏನೋ ಜೋಕಿಗೆ ತಯಾರಾಗುತ್ತಿದ್ದೇನೆ ಅಂತ ಕಾದರು. ಓರೆಸ್ಟ್ ಕೂಗಿದ. ಮೊದಲು ಕೈ ಎತ್ತಿದ್ದು ವೆಲ್ಮಾ. ಅವಳಿಗೆ ಸೈಕಲ್ಲೂ ಬಾರದು. ದುಡ್ಡು ಎಣಿಸಿ ಮೇಜಿನ ಮೇಲಿಟ್ಟು, "ನಂಗ್ಯಾಕಪ್ಪಾ ಇದು, ಮತ್ತೆ ಮಾರು" ಅಂದಳು. ನಾನು, ಇದು ಪೈ ಅಲ್ಲ, ಗಾಡಿ ಅಂದೆ. "ಗಂಟೆ ಹೊಡ್ದಿಲ್ವಲ್ಲೋ" ಅಂತ ಹಿಂದಿನಿಂದ ಯಾರೋ ಅಂದರು. ಪಾದ್ರಿಗಳು ಕೊಂಡರು, ವಾಪಸ್ ಕೊಟ್ಟರು. ಪೊಲೀಸಿನವನು ಕೊಂಡ. ನಾಲ್ಕನೇ ಬೀದಿಯ ಮುದುಕಿ ಕೊಂಡಳು. ಸಾಲಾಗಿ ಎಲ್ಲರೂ ಕೊಂಡರು, ಒಬ್ಬರಿಗೂ ಬೇಡವಾಯಿತು. ಕೊನೆಗೆ ಓರೆಸ್ಟ್ ತಾನೇ ಕೊಂಡ. ಕೊಂಡು, ಬೀಗದ ಕೈ ನನ್ನ ಜೇಬಿಗೆ ತುರುಕಿದ.

"ನಿನ್ ಶೆಡ್ಡಿಗೇ ಹೊಡ್ಕೊಂಡ್ ಹೋಗಯ್ಯಾ. ನಾಳೆ ಅವ್ಳು ಬಂದು ಎಲ್ಲಿ ನನ್ ಗಂಡನ್ ಗಾಡಿ ಅಂದ್ರೆ ನಾವೇನ್ ಹೇಳೋಣ?"

ಗಂಟೆ ಮರೆತನೋ ಬೇಕಂತಲೇ ಬಿಟ್ಟನೋ ಕೇಳಿದೆ. ಕ್ಷೌರದವನಿಗೆ ಕೈ ನಡುಗಬಾರದು, ಬುದ್ಧಿ ಎಷ್ಟು ನಡುಗಿದರೂ ಪರವಾಗಿಲ್ಲ ಅಂತ ಏನೋ ಹೇಳಿ ಹೋದ. ದೇಣಿಗೆ ಮಾತ್ರ ಹೋದ ವರ್ಷಕ್ಕಿಂತ ಹೆಚ್ಚೇ ಕೂಡಿತು. ಸಂಶೋಧನೆಯವರಿಗೆ ಸೋಮವಾರ ಕಳಿಸುತ್ತೇವೆ.

ಹಾಗಾಗಿ ಮಾರಿದ್ದೂ ನಿಜ, ಅದು ಇಲ್ಲೇ ನಿಂತಿರುವುದೂ ನಿಜ. ನಿನಗೆ ಅದು ಕಣ್ಣ ಮುಂದಿಂದ ಹೋಗಬೇಕಿತ್ತು, ನನ್ನ ಕೈಲಿ ಆಗಲಿಲ್ಲ. ಮುಂದಿನ ವರ್ಷ ಬೇರೆ ಊರಿನ ಹರಾಜಿಗೆ ಒಯ್ಯಲೋ? ನೀನು ಹೇಳಿದ ಹಾಗೆ ಮಾಡುತ್ತೇನೆ.

ರೀನೋ


ಟ್ಯಾಮರಾಕ್ ಬೇ
ಮಾರ್ಚ್ 9

ಓಡೆಟ್,

ನೀನು ಇಪ್ಪತ್ತೈದಕ್ಕೆ ಬರೆದ ಕಾಗದ ಇವತ್ತು ಬಂತು. ಶೆಡ್ಡಿನಲ್ಲಿ ನಿಂತು ಓದಿದೆ. ಆಮೇಲೆ ಆ ಗಾಡಿಯ ಮೇಲೆ ಕೂತು ಓದಿದೆ. ಒಬ್ಬ ಗಿರಾಕಿ ಬಂದು ತನ್ನ ಯಂತ್ರ ಆಯಿತಾ ಅಂತ ಕೇಳಿದ. ಆಗಿದೆ ಅಂತ ಬೇರೆಯವನದು ಕೊಟ್ಟು ಕಳಿಸಿದೆ.

ಅದು ಭಾರ ಆಗಿಲ್ಲ. ಯಾವತ್ತೂ ಆಗಿಲ್ಲ. ಅದು ಶೆಡ್ಡಿನಲ್ಲಿ ಇರುವವರೆಗೆ ನೀನು ಬರುತ್ತೀಯ ಅಂತ ನಾನು ನನಗೇ ಹೇಳಿಕೊಂಡಿದ್ದೆ. ನೀನು ಮಾರು ಅಂದಾಗ, ಇವಳು ಇನ್ನು ಬರುವುದಿಲ್ಲ, ಅದನ್ನು ಬಾಯಿಬಿಟ್ಟು ಹೇಳಲಾರದೆ ಹೀಗೆ ಹೇಳಿದ್ದಾಳೆ ಅಂತ ಅರ್ಥ ಮಾಡಿಕೊಂಡೆ. ಅದಕ್ಕೇ ಸರಿ ಅಂದದ್ದು. ಅದಕ್ಕೇ ಬರಬೇಡ ಅಂತಲೂ ಬರೆದದ್ದು. ಬರುವುದಿಲ್ಲ ಅನ್ನುವವಳಿಗೆ ನಾನೇ ಮೊದಲು ಬೇಡ ಅಂದರೆ ನೋವು ಕಡಿಮೆ ಅಂದುಕೊಂಡೆ. ಕಡಿಮೆ ಆಗಲಿಲ್ಲ.

ಫರ್ನಾಂ ನನ್ನ ಸ್ನೇಹಿತ. ಅವನು ಹೋದದ್ದರ ದುಃಖ ನನಗೂ ಇದೆ, ಅದು ಹೋಗುವುದಿಲ್ಲ. ಆದರೆ ಭಾನುವಾರ ಗಾಡಿ ಶುರು ಮಾಡುವಾಗ ನಾನು ನೆನೆಯುವುದು ಅವನೊಬ್ಬನನ್ನೇ ಅಲ್ಲ. ಇದಕ್ಕಿಂತ ಚೆನ್ನಾಗಿ ಬರೆಯಲು ನನಗೆ ಬಾರದು. ಓದಿದ್ದು ಅಷ್ಟೇ.

ಬಾ, ಓಡೆಟ್. ಕರೆಯಲು ಈಗ ನನ್ನ ಹತ್ತಿರ ಒಂದು ನೆಪವೂ ಉಳಿದಿಲ್ಲ. ಸವಾರಿ ಮುಗಿಯಿತು. ಇನ್ನು ಕೆರೆಯ ಮಂಜುಗಡ್ಡೆ ಒಡೆಯುತ್ತದೆ. ಏಪ್ರಿಲ್‌ನಲ್ಲಿ ಈ ಊರು ಹೇಗಿರುತ್ತದೆ ಅಂತ ನಿನಗೆ ಗೊತ್ತು, ಮೊಣಕಾಲುದ್ದ ಕೆಸರು, ಮರದಲ್ಲಿ ಎಲೆ ಇಲ್ಲ, ಹಿಮದಡಿಯಲ್ಲಿ ಇದ್ದ ನಾಯಿಗಳ ಗಲೀಜೆಲ್ಲ ಮೇಲೆ ಬಂದಿರುತ್ತದೆ. ನೋಡಲು ಏನೂ ಇಲ್ಲ, ಮಾಡಲು ಏನೂ ಇಲ್ಲ. ಹಾಗಿದ್ದರೂ ಬಾ. ಇದನ್ನು ವೆಲ್ಮಾ ಹೇಳುತ್ತಿಲ್ಲ.

ಗಾಡಿ ಶುರು ಮಾಡುವುದು ಬೇಡ ಅನ್ನಿಸಿದರೆ ಹೇಳು, ಮಾಡುವುದಿಲ್ಲ. ಮಾಡು ಅಂದರೆ ಮಾಡುತ್ತೇನೆ, ನೀನು ಹೊರಗೆ ನಿಂತಿರು.

ರೀನೋ


ವಿಕ್ಟೋರಿಯಾ
ಮಾರ್ಚ್ 21

ರೀನೋ,

ನಿನ್ನ ಎರಡು ಕಾಗದ ಒಂದರ ಹಿಂದೆ ಒಂದು ಬಂದವು. ಮಾರಿದೆ ಅನ್ನುವ ಸಾಲು ಓದಿ ಕಾಗದ ಮಡಚಿ ಇಟ್ಟುಬಿಟ್ಟಿದ್ದೆ. ಅಕ್ಕ ಉಳಿದದ್ದನ್ನು ಓದಿ, ಇಲ್ಲಿ ಬಾ, ನಿಮ್ಮೂರಿನವರಿಗೆ ತಲೆ ಸರಿ ಇದೆಯಾ ಅಂತ ಕೂಗಿದಳು. ಅವಳು ಓದಿ ಹೇಳಿದಳು, ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ. ಪಾದ್ರಿಗಳು ಕೊಂಡರು ಅನ್ನುವಲ್ಲಿ ನಗು ಬಂತು. ಆಮೇಲೆ ನಗು ಅಲ್ಲ.

ಎರಡನೆಯದನ್ನು ಅವಳಿಗೆ ಕೊಡಲಿಲ್ಲ.

ಅದಕ್ಕೆ ಮೂರು ಸಲ ಉತ್ತರ ಬರೆದು ಹರಿದೆ. ಒಂದರಲ್ಲಿ ಬರುತ್ತೇನೆ ಅಂತ ಇತ್ತು, ಒಂದರಲ್ಲಿ ಬರುವುದಿಲ್ಲ ಅಂತ ಇತ್ತು, ಇನ್ನೊಂದರಲ್ಲಿ ಬರೀ ಫರ್ನಾಂ ವಿಷಯ. ಈಗಲೂ ಬರುತ್ತೇನೆ ಅಂತ ಬರೆಯುತ್ತಿಲ್ಲ, ನೋಡಿಕೊ. ಬರೆದು ಬರದಿದ್ದರೆ ನೀನು ಬಸ್ಸಿನ ಹತ್ತಿರ ನಿಂತಿರುತ್ತೀಯ, ಅದು ನನಗೆ ಗೊತ್ತು.

ನಿನ್ನೆ ಸಂಜೆ ಬಂದರಿಗೆ ಹೋಗಲಿಲ್ಲ. ಪೇಟೆಗೆ ಹೋದೆ. ಮೊಣಕಾಲುದ್ದದ ರಬ್ಬರ್ ಬೂಟು ತಗೊಂಡೆ.

ಓಡೆಟ್